ಹದಿನಾರು ಚುಕ್ಕಿಯ ಪಟ್ಟೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದ ಉತ್ತರದಲ್ಲಿ ಇದ್ದದ್ದು ಎರಡೇ ಮಾತು: "ತಪ್ಪು. ಬೇಡ." ಮೇಲೆ ನಮಸ್ಕಾರವಿಲ್ಲ, ಕೆಳಗೆ ಹೆಸರಿಲ್ಲ. ಚುಕ್ಕಿ ಮೂರು ವಾರ ಹಗಲೆಲ್ಲ ಕೂತು ಬರೆದ ತಿದ್ದುಪಡಿ, ಆ ಪ್ಯಾಚು, ಎರಡು ಮಾತಿಗೆ ಮಣ್ಣುಪಾಲಾಯಿತು. ಅದೂ ಎಲ್ಲಿ? ಕಂಪ್ಯೂಟರಿನ ತಳದ ತಂತ್ರಾಂಶವಾದ ಕರ್ನಲ್‌ನ ಕೆಲಸ ಮಾಡುವ ಸಾವಿರಾರು ಜನ ದಿನಾ ಓದುವ ಮೇಲಿಂಗ್ ಲಿಸ್ಟಿನಲ್ಲಿ, ಮುಖ ಪರಿಚಯವಿಲ್ಲದವರೂ ಅಯ್ಯೋ ಪಾಪ ಎನ್ನುವ ಹಾಗೆ.

"ನಿಮ್ಮ ಭಾವ ಇವತ್ತು ಖಾಲಿ ಹೊಟ್ಟೇಲಿ ಬಂದಿದ್ದಾರೆ ಅಂತ ಕಾಣುತ್ತೆ," ಎಂದ ಪಕ್ಕದ ಮೇಜಿನ ಗಡ್ಡ.

"ಆಫೀಸಲ್ಲಿ ಭಾವ ಗೀವ ಅನ್ನಬೇಡ. ಇಲ್ಲಿ ಅವರು ಕತ್ತರಿ," ಎಂದಳು ಚುಕ್ಕಿ.

ಕತ್ತರಿ ಎಂಬ ಹೆಸರು ಅವನಿಗೆ ಸುಮ್ಮನೆ ಬಿದ್ದದ್ದಲ್ಲ. ಗ್ರಾಫಿಕ್ಸ್ ವಿಭಾಗಕ್ಕೆ ಯಾರು ಏನು ಕಳಿಸಿದರೂ ಅವನ ಕೈ ದಾಟಿಯೇ ಕರ್ನಲ್ ಒಳಗೆ ಹೋಗಬೇಕು. ದಾಟುವಾಗ ಅದರ ಕೈಯನ್ನೋ ಕಾಲನ್ನೋ ಕತ್ತರಿಸಿಯೇ ಬಿಡುತ್ತಿದ್ದ. ಚಿತ್ರ ಬರೆಯುವ ಕಂಪ್ಯೂಟರ್ ಚಿಪ್ಪನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ಅವನದು. ಬರೆದ ಚಿತ್ರವನ್ನು ತೆಗೆದುಕೊಂಡು ಪರದೆಗೆ ಕೊಡುವ ಚಿಪ್ಪಿನ ಡ್ರೈವರ್ ಅವಳದು, ಎಂಟು ವರ್ಷದಿಂದ ಸಾಕಿದ್ದು. ಪರದೆಗೆ ಭೂತಗನ್ನಡಿ ಹಿಡಿದು ಚುಕ್ಕಿ ಎಣಿಸುವ ಚಟದಿಂದ ಅವಳಿಗೂ ಒಂದು ಹೆಸರು ಅಂಟಿಕೊಂಡಿತ್ತು. ಅವಳು ಕಲಿತದ್ದು ಟಿವಿ ರಿಪೇರಿ. ಮಿಕ್ಕಿದ್ದನ್ನೆಲ್ಲ ಕೆಟ್ಟುಕೂತ ಯಂತ್ರಗಳೇ ಕಲಿಸಿದ್ದವು, ಹೊಡೆದು ಬಡಿದು.

ಕತ್ತರಿ ಅವಳ ಅಕ್ಕನ ಗಂಡ. ಅವಳ ಅಮ್ಮ ಇರುವುದೂ ಆ ಮನೆಯಲ್ಲೇ. ಒಂದು ಕಾಲದಲ್ಲಿ "ಏನೇ, ತಿಂಡಿ ಆಯ್ತಾ?" ಎಂದು ಕೇಳದೆ ಕೆಲಸ ಶುರುಮಾಡದಿದ್ದ ಮನುಷ್ಯ ಈಗ ಎರಡು ವರ್ಷದಿಂದ ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಅದೂ ಬೇರೆ ದಾರಿಯೇ ಇಲ್ಲದಾಗ.

ಗುರುವಾರ ಒಂದು ಮೀಟಿಂಗ್ ಇತ್ತು. ಅಷ್ಟರೊಳಗೆ ಆಸ್ಪತ್ರೆಗೆ ಕೊಟ್ಟ ಹೊಸ ಮಾನಿಟರಿನ ಪರದೆಯ ಮೇಲೆ ಬೀಳುವ ಪಟ್ಟೆ ಹೋಗದಿದ್ದರೆ ಚುಕ್ಕಿಯ ಡ್ರೈವರನ್ನು ಕರ್ನಲ್‌ನಿಂದ ಕಿತ್ತುಹಾಕಿ, ಚಿಪ್ಪಿನ ಕಂಪನಿಯವರೇ ಬರೆದದ್ದನ್ನು ಕೂರಿಸುವುದು ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಡ್ರೈವರ್ ಹೋದರೆ ಅದನ್ನು ನೋಡಿಕೊಳ್ಳುವ ಮೂವರು ಯಾಕೆ? ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮಂಗಳವಾರ ಆಸ್ಪತ್ರೆಯಿಂದ ಹೆಡ್ ನರ್ಸ್ ತಾನೇ ಬಂದಳು. ಆಪರೇಷನ್ ಕೋಣೆಯಲ್ಲಿ ರೋಗಿಯ ತಲೆಯ ಹತ್ತಿರ ನಿಲ್ಲಿಸುವ ಹೊಸ ಮಾನಿಟರ್ ಅದು. ಪ್ರಯೋಗಕ್ಕೆಂದು ಹಳೆಯ ಮಾನಿಟರ್ ಪಕ್ಕದಲ್ಲೇ ಇಟ್ಟಿದ್ದರು. ಅವಳು ಫೋನನ್ನು ಚುಕ್ಕಿಯ ಮೂಗಿನ ತನಕ ತಂದು ಹಿಡಿದಳು.

"ನೋಡಿ. ನಾಡಿ ನೂರ ನಾಲ್ಕಿತ್ತು. ಎಪ್ಪತ್ತೆಂಟಕ್ಕೆ ಇಳೀತು. ಹಳೇ ಯಂತ್ರ ಎಪ್ಪತ್ತೆಂಟು ಅಂತು. ನಿಮ್ಮದು ಏನಂತು?"

ವಿಡಿಯೋದಲ್ಲಿ ನೂರ ಎಪ್ಪತ್ತೆಂಟು ಎಂದು ಕಾಣುತ್ತಿತ್ತು. ಎರಡು ಸೆಕೆಂಡ್ ಅಷ್ಟೆ. ಆಮೇಲೆ ಎಡತುದಿಯ ಒಂದು ಎಂಬ ಅಂಕಿ ಮಾಯವಾಯಿತು.

"ಎರಡೇ ಸೆಕೆಂಡ್..." ಎಂದು ಗಡ್ಡ ಬಾಯಿ ತೆರೆದ.

"ಎರಡು ಸೆಕೆಂಡಲ್ಲಿ ನನ್ನ ಕೈಗೆ ಸಿರಿಂಜ್ ಬಂದಿತ್ತು ಕಣಪ್ಪಾ," ಎಂದಳು ನರ್ಸ್. "ಪಕ್ಕದ ಯಂತ್ರ ನೋಡದಿದ್ರೆ ಚುಚ್ಚೇಬಿಡ್ತಿದ್ದೆ. ನಿಮಗೆ ಇದು ಆಟದ ಸಾಮಾನು. ನನಗಲ್ಲ."

ಅವಳು ಹೋದ ಮೇಲೆ ಚುಕ್ಕಿ ಪ್ರಯೋಗಾಲಯದ ಮೇಜಿನ ಮೇಲಿದ್ದ ಅಂಥದ್ದೇ ಮಾನಿಟರಿನ ಮುಂದೆ ಕೂತಳು. ನಾಡಿಯ ಅಂಕಿಯನ್ನು ಏರಿಸಿದಳು, ಇಳಿಸಿದಳು. ಮೂವತ್ತನೆಯ ಸಲಕ್ಕೆ ಎಡತುದಿಯಲ್ಲಿ ಹಳೆಯ ಒಂದು ಉಳಿದುಕೊಂಡಿತು. ತಟ್ಟನೆ ಪರದೆಯನ್ನು ನಿಲ್ಲಿಸಿ ಭೂತಗನ್ನಡಿ ಹಿಡಿದಳು. ಹಳೆಯದು ಉಳಿದಿದ್ದ ಪಟ್ಟೆಯ ಅಗಲ ಹದಿನಾರು ಚುಕ್ಕಿ. ಇನ್ನೊಂದು ಹಿಡಿದಳು. ಅದೂ ಹದಿನಾರು. ಹದಿನೈದಲ್ಲ, ಹದಿನೇಳಲ್ಲ.

ಹದಿನಾರು ಚುಕ್ಕಿ ಎಂದರೆ ಕ್ಯಾಶಿನ ಒಂದು ಸಾಲು. ರೋಗ ಯಾವುದೆಂದು ಅವಳಿಗೆ ಮೊದಲೇ ಗುಮಾನಿ ಇತ್ತು, ಈಗ ಖಾತ್ರಿಯಾಯಿತು. ಕಂಪ್ಯೂಟರಿನ ಪ್ರೊಸೆಸರ್ ಒಬ್ಬ ಗುಮಾಸ್ತನ ಹಾಗೆ. ಅವನ ಮೇಜಿನ ಹಿಂದೆ ಒಂದು ಬೀರು. ಪ್ರತಿ ಕಾಗದಕ್ಕೂ ಎದ್ದು ಬೀರುವಿನ ತನಕ ಹೋಗುವುದು ಯಾಕೆಂದು ಅವನು ಹೊಸ ಕಾಗದವನ್ನು ಮೇಜಿನ ಮೇಲೇ ಇಟ್ಟುಕೊಂಡಿರುತ್ತಾನೆ, ಪುರುಸೊತ್ತಾದಾಗ ಬೀರುವಿಗೆ ಸೇರಿಸುತ್ತಾನೆ. ಆ ಮೇಜೇ ಕ್ಯಾಶ್, ಬೀರು ಮೆಮೊರಿ. ಅವನ ಪಾಡಿಗೆ ಅವನಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ಪರದೆಯ ಚಿಪ್ಪು ಅವನನ್ನು ಕೇಳುವುದಿಲ್ಲ, ಹಿಂಬಾಗಿಲಿನಿಂದ ಬಂದು ನೇರ ಬೀರು ತೆರೆಯುತ್ತದೆ. ಅಲ್ಲಿ ಇನ್ನೂ ಹಳೆಯ ಕಾಗದ. ಅದನ್ನೇ ಹಿಡಿದು ಲೋಕಕ್ಕೆ ತೋರಿಸುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಕೆಲವು ಮೆಮೊರಿ ಮೇಜಿನ ಮೇಲೆ ನಿಲ್ಲುವುದೇ ಇಲ್ಲ, ನೇರ ಬೀರುವಿಗೇ ಹೋಗುತ್ತದೆ. ಅಂಥದ್ದಾದರೆ ಯೋಚನೆಯಿಲ್ಲ. ಮೇಜಿನ ಮೇಲೆ ನಿಲ್ಲುವಂಥದ್ದಾದರೆ, ತೋರಿಸುವ ಮೊದಲು ಮೇಜನ್ನು ಖಾಲಿ ಮಾಡಿಸಬೇಕು. ಯಾವುದು ಯಾವ ಬಗೆ ಎಂಬುದು ಮೆಮೊರಿಯನ್ನು ತೆಗೆದು ಕೊಡುವ ಡ್ರೈವರಿಗೆ ಮಾತ್ರ ಗೊತ್ತು. ಆ ಡ್ರೈವರ್ ಕತ್ತರಿಯದು. ಅದು ಮೆಮೊರಿಯನ್ನು ಕೊಡುತ್ತಿತ್ತು, ಯಾವ ಬಗೆಯದೆಂದು ಹೇಳುತ್ತಿರಲಿಲ್ಲ. ಚುಕ್ಕಿಯ ಡ್ರೈವರ್ ಎಂಟು ವರ್ಷದಿಂದ "ನೇರ ಬೀರುವಿಗೇ ಹೋಗುವುದು" ಎಂದು ತಾನೇ ಅಂದುಕೊಂಡು ಬಂದಿತ್ತು. ಹಳೆಯ ಯಂತ್ರಗಳಲ್ಲಿ ಅದು ನಿಜವೂ ಆಗಿತ್ತು. ಹೊಸ ಚಿಪ್ಪಿನಲ್ಲಿ ಕೆಲವು ಹೀಗೆ, ಕೆಲವು ಹಾಗೆ. ಯಾವ ಬಗೆಯೆಂಬ ಗೊಡವೆಯೇ ಬೇಡವೆಂದು ಪ್ರತಿಸಲವೂ ಮೇಜು ಖಾಲಿ ಮಾಡಿಸುವ ಪ್ಯಾಚನ್ನು ಅವಳು ಕಳಿಸಿದ್ದಳು. ಅದರಿಂದ ಪಟ್ಟೆ ಹೋಗುತ್ತಿತ್ತು, ಆದರೆ ಎಲ್ಲ ನಿಧಾನವಾಗಿ ನಾಡಿಯ ಗೆರೆ ಕುಂಟುತ್ತಿತ್ತು. ಕತ್ತರಿ "ತಪ್ಪು. ಬೇಡ" ಎಂದದ್ದು ಅದಕ್ಕೇ. ತಪ್ಪೆಂದು ಅವಳಿಗೂ ಗೊತ್ತಿತ್ತು. ಹೊಟ್ಟೆ ಉರಿದದ್ದು ಅದಕ್ಕೇ ಹೆಚ್ಚು.

ಮಧ್ಯಾಹ್ನ ಅವಳು ಮೂರನೇ ಮಹಡಿಗೆ ಹತ್ತಿದಳು. ಕತ್ತರಿಯ ಕೋಣೆಯಲ್ಲಿ ಎರಡು ಕುರ್ಚಿ. ಬಂದವರು ಕೂರಬಾರದೆಂದು ಎರಡನೆಯದರ ಮೇಲೆ ಸದಾ ಒಂದು ಹಳೆಯ ಪ್ರಿಂಟರ್ ಕೂತಿರುತ್ತಿತ್ತು.

"ಐದು ನಿಮಿಷ ಮಾತಾಡಬೇಕು," ಎಂದಳು.

"ಲಿಸ್ಟಲ್ಲಿ ಬರೀರಿ." ಅವನು ತಲೆ ಎತ್ತಲಿಲ್ಲ.

"ಬರೆದೆನಲ್ಲ. ಎರಡು ಮಾತಲ್ಲಿ ಮುಗಿಸಿದ್ರಿ."

"ಒಂದೇ ಸಾಕಿತ್ತು."

"ನೀವು ಮೆಮೊರಿ ಕೊಡ್ತೀರಿ, ಅದು ಕ್ಯಾಶಲ್ಲಿ ನಿಲ್ಲುತ್ತೋ ಇಲ್ವೋ ಹೇಳಲ್ಲ. ಕಣ್ಣಿಗೆ ಬಟ್ಟೆ ಕಟ್ಕೊಂಡು ನಾನು ತಡಕಾಡಬೇಕು. ಒಂದು ಸಾಲು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಹೇಳಿದ್ದೀನಿ."

"ಯಾವಾಗ?"

"ಮೂರು ಸಲ. ನಾಲ್ಕನೇ ಸಲ ಹೇಳೋ ಅಭ್ಯಾಸ ನನಗಿಲ್ಲ."

"ಹಸಿ ಸುಳ್ಳು!"

ಕತ್ತರಿ ಈಗ ಕುರ್ಚಿ ತಿರುಗಿಸಿದ. ಸಿಟ್ಟು ಬಂದಾಗ ಅವನ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ಎರಡು ವರ್ಷದ ಹಿಂದೇನೂ ಇದೇ ಮಾತು ಅಂದಿದ್ರಿ. ಯಾರದು ಸುಳ್ಳು ಅಂತ ಆಮೇಲೆ ಗೊತ್ತಾಯ್ತಲ್ಲ? ಬಾಗಿಲು ಎಳ್ಕೊಂಡು ಹೋಗಿ."

ಮೆಟ್ಟಿಲಿಳಿಯುವಾಗ ಅವಳ ಕಿವಿ ಸುಡುತ್ತಿತ್ತು. ಎರಡು ವರ್ಷದ ಹಿಂದೆ ಗಿರಾಕಿಗಳ ಮುಂದೆ ಪರದೆ ಹೆಪ್ಪುಗಟ್ಟಿ ನಿಂತಾಗ, ಅವಳು ಹಿಂದೆಮುಂದೆ ನೋಡದೆ ಲಿಸ್ಟಿಗೆ ಬರೆದಿದ್ದಳು: "ಗ್ರಾಫಿಕ್ಸ್ ಡ್ರೈವರ್ ಸುಳ್ಳು ಹೇಳುತ್ತಿದೆ. ಚಿತ್ರ ಮುಗಿಯುವ ಮೊದಲೇ ಮುಗಿಯಿತು ಎನ್ನುತ್ತಿದೆ." ಆಫೀಸಿನ ಇಡೀ ವಿಭಾಗಕ್ಕೆ ಅವನು ಮುಖ್ಯಸ್ಥನಾಗುವ ಮಾತು ನಡೆಯುತ್ತಿದ್ದ ವಾರ ಅದು. ಕತ್ತರಿಗೆ ಆ ಕುರ್ಚಿ ತಪ್ಪಿತು. ತಿಂಗಳಾದ ಮೇಲೆ ನೋಡಿದರೆ ಸುಳ್ಳು ಅವನದಾಗಿರಲಿಲ್ಲ, ಅವಳ ಡ್ರೈವರೇ ಮುಂಚಿತವಾಗಿ ಕೈಹಾಕುತ್ತಿತ್ತು. ಅವಳು ಅದನ್ನು "ಸಣ್ಣ ತಿದ್ದುಪಡಿ" ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಸರಿಪಡಿಸಿದಳು. "ಲಿಸ್ಟಿಗೆ ಹಾಕೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತೇನೇ?" ಎಂದು ಭಾವ ಕೇಳಿದ್ದಕ್ಕೆ, "ಡ್ರೈವರಿಗೂ ಸಂಬಂಧಿಕರು ಇರ್ತಾರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಅಂದಿದ್ದಳು. ತಪ್ಪು ಮಾಡಿದವರಿಗೆ ಬರುವಷ್ಟು ಸಿಟ್ಟು ತಪ್ಪಿಗೆ ಬಲಿಯಾದವರಿಗೂ ಬರುವುದಿಲ್ಲ.

ಬುಧವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. ಅಕ್ಕ ಫೋನ್ ಮಾಡುತ್ತಿದ್ದುದೇ ಅಪರೂಪ. ಮಾಡಿದರೆ ಯುದ್ಧಕ್ಕೆ.

"ಶನಿವಾರ ಅಮ್ಮನ ಇನ್ನೊಂದು ಕಣ್ಣು ತೋರಿಸಬೇಕು. ನೀನು ಬರಲ್ಲ ಅಂತ ಗೊತ್ತು. ಹೇಳೋದು ನನ್ನ ಧರ್ಮ, ಹೇಳಿದೀನಿ."

"ಬರಲ್ಲ ಅಂತ ನಾನು ಯಾವತ್ತು ಅಂದೆ? ಮೊದಲನೇ ಕಣ್ಣಿನ ಆಪರೇಷನ್ ಆದದ್ದೇ ನನಗೆ ವಾರ ಬಿಟ್ಟು ಗೊತ್ತಾಯ್ತು. ಹೆತ್ತ ಮಗಳು ನಾನೂ ಅಲ್ವಾ?"

"ಆಹಾಹಾ! ನಿಮ್ಮ ಭಾವ ಬರೆದಿದ್ರಲ್ಲೇ! ಡಾಕ್ಟರು, ದಿನ, ಹೊತ್ತು ಎಲ್ಲ. ಒಂದೇ ಆಫೀಸಲ್ಲಿ ಇದೀರಲ್ಲ ಅಂತ ನಾನೇ ಹೇಳಿ ಬರೆಸಿದ್ದು. ಒಂದು ಗೆರೆ ಉತ್ತರ ಇಲ್ಲ. ಅಮ್ಮ ಬ್ಯಾಂಡೇಜ್ ಕಟ್ಕೊಂಡು 'ಚಿಕ್ಕೋಳು ಬಂದ್ಲಾ, ಚಿಕ್ಕೋಳು ಬಂದ್ಲಾ' ಅಂತ ಬಾಗಿಲ ಕಡೆಗೇ ಮುಖ ಮಾಡ್ಕೊಂಡು ಕೂತಿದ್ಲು. ನಿನಗೇನು, ಚುಕ್ಕಿ ಎಣಿಸ್ಕೊಂಡಿರು."

ಫೋನ್ ಕುಕ್ಕಿದ ಸದ್ದು. ಚುಕ್ಕಿ ಮೇಲ್ ತೆರೆದು ಭಾವನ ಪತ್ರ ಹುಡುಕಿದಳು. ಹುಡುಕುವಾಗಲೇ ನೆನಪಾಯಿತು.

ಎರಡು ವರ್ಷದ ಹಿಂದೆ ಜಗಳವಾದ ದಿನ ಸಂಜೆ ಅವಳು ತನ್ನ ಮೇಲ್‌ಗೆ ಒಂದು ನಿಯಮ ಹಾಕಿದ್ದಳು. ಲಿಸ್ಟಿಗೆ ಬರೆದದ್ದು ಬರಲಿ, ಆದರೆ ಕತ್ತರಿ ತನಗೊಬ್ಬಳಿಗೇ ಬರೆದದ್ದು ಕಣ್ಣಿಗೆ ಬೀಳದೆ ನೇರ "ಆಮೇಲೆ" ಎಂಬ ಪೆಟ್ಟಿಗೆಗೆ ಹೋಗಬೇಕು. ಒಂದು ವಾರ ಸಿಟ್ಟಿಳಿಯುವ ತನಕ ಎಂದುಕೊಂಡಿದ್ದಳು. ಹಾಕಿದ್ದನ್ನೇ ಮರೆತಳು.

ಪೆಟ್ಟಿಗೆಯಲ್ಲಿ ನಲವತ್ತೊಂದು ಪತ್ರಗಳಿದ್ದವು, ಎಲ್ಲವೂ ಹಳೆಯ ಏಕವಚನದಲ್ಲೇ. "ಅತ್ತೆಗೆ ಸೋಮವಾರ ಆಪರೇಷನ್. ಎಂಟಕ್ಕೆ ಬಾ." "ಅತ್ತೆ ಕೇಳುತ್ತಿದ್ದಾರೆ, ಫೋನಾದರೂ ಮಾಡು." ನಡುವೆ, ಹದಿನಾಲ್ಕು ತಿಂಗಳ ಹಿಂದಿನದು ಒಂದು:

"ಹೊಸ ಚಿಪ್ಪಿಗೆ ಕ್ಯಾಶ್‌ನಲ್ಲಿ ನಿಲ್ಲುವ ಮೆಮೊರಿಯನ್ನೂ ಕೊಡಬೇಕಾಗಿದೆ. ನಿನ್ನ ಕಡೆ ಪಟ್ಟೆ ಬೀಳುತ್ತದೆ. ಯಾವ ಬಗೆಯ ಮೆಮೊರಿ ಎಂದು ಹೇಳುವ ಒಂದು ಸಾಲನ್ನು ಇಬ್ಬರ ಡ್ರೈವರೂ ಹಂಚಿಕೊಳ್ಳುವ ಜಾಗದಲ್ಲಿ ಸೇರಿಸಿದ್ದೇನೆ. ಲಿಸ್ಟಿಗೆ ಹಾಕುವ ಮೊದಲು ನಿನಗೆ ತೋರಿಸುತ್ತಿದ್ದೇನೆ. ನೋಡಿ ಹೇಳು."

ಕೆಳಗೆ ಪ್ಯಾಚ್ ಇತ್ತು. ಚೊಕ್ಕವಾಗಿ, ಅವನ ಕೈಬರಹದಷ್ಟೇ ಬಿಗಿಯಾಗಿ. ಹತ್ತು ದಿನದ ಮೇಲೆ ಇನ್ನೊಂದು: "ನೋಡಿದೆಯಾ?" ತಿಂಗಳ ಮೇಲೆ ಮೂರನೆಯದು: "ಬೇಡವಾದರೆ ಬೇಡ ಎನ್ನು. ಬಾಯಿ ಹೊಲಿದುಕೊಂಡು ಕೂರುವುದು ಮರ್ಯಾದೆಯಲ್ಲ."

ಗಡ್ಡ ಅವಳ ಹೆಗಲ ಮೇಲಿನಿಂದ ಓದಿದ. ಸಿಳ್ಳೆ ಹಾಕಲು ಹೋಗಿ ಬಾಯಿ ಮುಚ್ಚಿಕೊಂಡ.

"ಮೇಡಂ, ಒಂದು ಮಾತು. ಇದನ್ನ ನಾವು ನೋಡೇ ಇಲ್ಲ. ಇಷ್ಟಕ್ಕೂ ಒಂದು ಸಾಲು ತಾನೆ? ಯಾರು ಬರೆದ್ರೂ ಹಿಂಗೇ ಇರುತ್ತೆ. ನಿಮ್ಮ ಹೆಸರಲ್ಲಿ ಬರೆದು ಸಂಜೆಯೊಳಗೆ ಹಾಕಿಬಿಡೋಣ."

"ಅವರಿಗೆ ಗೊತ್ತಾಗಲ್ವಾ?"

"ಗೊತ್ತಾಗ್ಲಿ. ಲಿಸ್ಟಲ್ಲಿ ಕೂಗಾಡೋ ಪೈಕಿ ಅಲ್ಲ ಅವರು. ಖಾಸಗೀಲಿ ಬರೆದದ್ದು ತಾನೆ? ನೀವೇ ಯೋಚನೆ ಮಾಡಿ. ಹದಿನಾಲ್ಕು ತಿಂಗಳು ಓದದೆ ಬಿದ್ದಿತ್ತು ಅಂತ ನೀವೇ ಹೇಳಿದ್ರೆ, ನಾಳೆ ಮೀಟಿಂಗಲ್ಲಿ ನಮ್ಮನ್ನ ಕೀಳೋಕೆ ಬೇರೆ ಕಾರಣ ಬೇಕಾ?"

ಗಡ್ಡನ ಮಾತಿನಲ್ಲಿ ಹುರುಳಿತ್ತು. ಅವನಿಗೂ ಮನೆಯಿತ್ತು, ಅವನ ಕೆಲಸವೂ ಇದರ ಜೊತೆಗೇ ನೇತಾಡುತ್ತಿತ್ತು. ಚುಕ್ಕಿ ಒಂದು ಗಂಟೆ ಮಾನಿಟರಿನ ಅಂಕಿಯನ್ನು ಏರಿಸುತ್ತಾ ಇಳಿಸುತ್ತಾ ಕೂತಳು. ಹಳೆಯ ಒಂದು ಉಳಿದುಕೊಂಡಾಗಲೆಲ್ಲ ನರ್ಸಿನ ಕೈಯ ಸಿರಿಂಜ್ ಕಣ್ಣಿಗೆ ಕಟ್ಟುತ್ತಿತ್ತು, ಆಮೇಲೆ ಬಾಗಿಲ ಕಡೆ ಮುಖ ಮಾಡಿದ ಅಮ್ಮ.

ಕೊನೆಗೆ ಪ್ಯಾಚನ್ನು ಈಗಿನ ಕರ್ನಲ್‌ಗೆ ಹೊಂದಿಸಿದಳು. ಬರೆದವರ ಹೆಸರಿನ ಜಾಗದಲ್ಲಿ ಕತ್ತರಿಯ ಹೆಸರು, ದಿನಾಂಕ ಹದಿನಾಲ್ಕು ತಿಂಗಳ ಹಿಂದಿನದು. ಒಂದು ಕಡೆ ಮಾತ್ರ ಕೈಯಾಡಿಸಿದಳು. ಮೇಲೆ ಬರೆದಳು: "ಈ ಪ್ಯಾಚನ್ನು ಇವರು ನನಗೆ ಮೂರು ಸಲ ಕಳಿಸಿದ್ದರು. ಇವರ ಪತ್ರಗಳನ್ನು ನಾನೇ ತಡೆಹಿಡಿದಿದ್ದೆ, ಆದ್ದರಿಂದ ಓದಲಿಲ್ಲ. ಪಟ್ಟೆ ಬಿದ್ದದ್ದು ಅದಕ್ಕೆ. ಎರಡು ವರ್ಷದ ಹಿಂದೆ ಇವರ ಡ್ರೈವರ್ ಸುಳ್ಳು ಹೇಳುತ್ತದೆ ಎಂದು ಇಲ್ಲೇ ಬರೆದಿದ್ದೆ. ತಪ್ಪು ನನ್ನ ಡ್ರೈವರಿನದಾಗಿತ್ತು. ಅದನ್ನೂ ಇಲ್ಲೇ ಹೇಳುತ್ತಿದ್ದೇನೆ."

"ಮುಗೀತು," ಎಂದ ಗಡ್ಡ, ತಲೆಯ ಮೇಲೆ ಕೈಹೊತ್ತು. "ಪೆಟ್ಟಿಗೆ ಕಟ್ಟೋಕೆ ಶುರುಮಾಡ್ಲಾ?"

ಅವಳು ಕಳಿಸುವ ಗುಂಡಿ ಒತ್ತಿದಳು.

ಗುರುವಾರ ಮೀಟಿಂಗ್ ಕೋಣೆಯಲ್ಲಿ ಮ್ಯಾನೇಜರ್, ಚಿಪ್ಪಿನ ಕಂಪನಿಯ ಟೈ ಕಟ್ಟಿದ ಮನುಷ್ಯ, ಕತ್ತರಿ, ಚುಕ್ಕಿ. ಹಿಂದಿನ ದಿನದ ಪತ್ರಕ್ಕೆ ಕತ್ತರಿ ಉತ್ತರ ಬರೆದಿರಲಿಲ್ಲ. ಈಗಲೂ ಅದನ್ನು ಓದಿದವನ ಮುಖ ಅವನದಾಗಿರಲಿಲ್ಲ.

"ಮೇಲ್ ಓದದಿರೋದು ಅಂದ್ರೆ..." ಎಂದು ಮ್ಯಾನೇಜರ್ ಶುರುಮಾಡಿದ. "ನಮ್ಮ ಡ್ರೈವರ್ ತಗೊಂಡ್ರೆ ಇಂಥ ತಾಪತ್ರಯ ಇರಲ್ಲ," ಎಂದು ಟೈಯವನು ಸಂದಿಯಲ್ಲಿ ನುಸುಳಿದ.

"ಪ್ಯಾಚ್ ನೋಡೋಣ," ಎಂದ ಕತ್ತರಿ. ಪುಟವನ್ನು ಗೋಡೆಯ ಮೇಲೆ ಬೀಳಿಸಿದ. "ಮೂರನೇ ಸಾಲಿನ ಟಿಪ್ಪಣಿ ಅಡ್ಡಾದಿಡ್ಡಿ ಇದೆ. ಇದು ಯಾರ ಬರಹ?"

"ನನ್ನದು."

"ಗೊತ್ತಾಗುತ್ತೆ. ಇರಲಿ. ಮೆಮೊರಿ ಕೊಡೋ ಡ್ರೈವರ್ ಯಾವ ಬಗೆ ಅಂತ ಹೇಳಲಿಲ್ಲ ಅನ್ಕೊಳ್ಳಿ. ಕ್ಯಾಮೆರಾ ಡ್ರೈವರ್ ಇದೆ, ಅದು ಏನೂ ಹೇಳಲ್ಲ. ಆಗ ನಿಮ್ಮದು ಏನು ಮಾಡುತ್ತೆ?"

"ತಗೊಳ್ಳಲ್ಲ. ವಾಪಸ್ ಕಳಿಸುತ್ತೆ."

"ನಾನು ಬರೆದದ್ದರಲ್ಲಿ ಹಾಗಿರಲಿಲ್ಲ. ಹೇಳದಿದ್ರೆ ಹಳೇ ಬಗೆ ಅಂತಲೇ ತಿಳ್ಕೋ ಅಂತಿತ್ತು."

"ಅದನ್ನ ಕಿತ್ತಿದ್ದೀನಿ," ಎಂದಳು ಚುಕ್ಕಿ. "ಹೇಳದೇ ಇರೋದನ್ನ ಊಹೆ ಮಾಡ್ಕೊಂಡೇ ಇಷ್ಟೆಲ್ಲ ಆಯ್ತು. ಪರದೆ ಕಪ್ಪಾಗಲಿ, ನರ್ಸ್ ಬೈಕೊಂಡು ಪಕ್ಕದ ಯಂತ್ರ ನೋಡ್ತಾಳೆ. ಸುಳ್ಳು ಅಂಕಿ ತೋರಿಸೋಕಿಂತ ಅದು ವಾಸಿ."

ಕತ್ತರಿ ಗೋಡೆಯನ್ನೇ ನೋಡುತ್ತಿದ್ದ. ಟೈಯವನು ಟೈ ಸರಿಮಾಡಿಕೊಂಡ.

"ನಿಮ್ಮ ಡ್ರೈವರ್ ಏನು ಮಾಡುತ್ತೆ?" ಎಂದು ಕತ್ತರಿ ಇದ್ದಕ್ಕಿದ್ದಂತೆ ಅವನ ಕಡೆ ತಿರುಗಿದ. "ಹೇಳದಿದ್ರೆ?"

"ಅದು... ಸಾಮಾನ್ಯವಾಗಿ ಒಂದು ಅಂದಾಜಿನ ಮೇಲೆ..."

"ಅಂದಾಜು." ಕತ್ತರಿ ಆ ಶಬ್ದವನ್ನು ಕಹಿಗುಳಿಗೆಯ ಹಾಗೆ ಉಗುಳಿದ. ಲ್ಯಾಪ್‌ಟಾಪ್ ಮುಚ್ಚಿ ಎದ್ದ. "ಟಿಪ್ಪಣಿ ತಿದ್ದಿ ಕಳಿಸಿ. ಒಳಗೆ ತಗೊಳ್ತೀನಿ."

"ಅಂದ್ರೆ ಅವರ ಡ್ರೈವರ್ ಉಳೀಬೇಕು ಅಂತಾನಾ?" ಎಂದ ಮ್ಯಾನೇಜರ್.

"ನಾನು ಪ್ಯಾಚ್ ಬಗ್ಗೆ ಮಾತಾಡಿದೆ. ಪಟ್ಟೆ ಹೋದ ಮೇಲೆ ಕೀಳೋಕೆ ನಿಮಗೆ ಬೇರೆ ನೆಪ ಇದ್ರೆ ಹುಡುಕ್ಕೊಳ್ಳಿ."

ನೆಪ ಮ್ಯಾನೇಜರ್ ಹತ್ತಿರ ಇರಲಿಲ್ಲ. ಚುಕ್ಕಿ ಕಾರಿಡಾರಿನಲ್ಲಿ ಓಡಿ ಕತ್ತರಿಯನ್ನು ಹಿಡಿದಳು.

"ಭಾವ."

"ಇದು ಆಫೀಸು."

"ನಿಮ್ಮ ಮೇಲ್ ತಡೆಯೋ ನಿಯಮ ತೆಗೆದುಹಾಕಿದೀನಿ."

"ನಾನೂ ಒಂದು ಹಾಕಿದ್ದೀನಿ," ಎಂದ ಕತ್ತರಿ, ನಡಿಗೆ ನಿಲ್ಲಿಸದೆ. "ಮೂರನೇ ಪತ್ರಕ್ಕೂ ಉತ್ತರ ಬರದ ದಿನ. ನಾನು ತೆಗೆಯಲ್ಲ. ನೀವು ಖಾಸಗೀಲಿ ಬರೆದ್ರೆ ನನಗೆ ತಲುಪಲ್ಲ. ಏನಿದ್ರೂ ಲಿಸ್ಟಲ್ಲಿ ಬರೀರಿ. ಎಲ್ಲರೆದುರು ಬರೆಯೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ?"

ಲಿಫ್ಟಿನ ಬಾಗಿಲು ಅವನ ಬೆನ್ನನ್ನು ನುಂಗಿತು.

ಶುಕ್ರವಾರ ಹೆಡ್ ನರ್ಸ್ ಬಂದು ನಾಡಿಯ ಅಂಕಿಯನ್ನು ಐನೂರು ಸಲ ಏರಿಸಿ ಇಳಿಸಿದಳು. ಭೂತಗನ್ನಡಿಯನ್ನೂ ಕಸಿದುಕೊಂಡು ನೋಡಿದಳು. "ಇನ್ನೊಂದು ಸಲ ಹಿಂಗಾದ್ರೆ ಸಿರಿಂಜ್ ನಿಮಗೇ," ಎಂದು ಹೇಳಿ ಹೋದಳು. ಗಡ್ಡನ ಪ್ರಕಾರ ಅದು ಹೊಗಳಿಕೆ.

ಚುಕ್ಕಿ ಟಿಪ್ಪಣಿ ತಿದ್ದಿ ಪ್ಯಾಚನ್ನು ಮತ್ತೆ ಕಳಿಸಿದಳು. ಕಳಿಸುವ ಮೊದಲು ಕೊನೆಯ ಸಾಲಿನ ಕೆಳಗೆ ಬಂದಳು. ಸಾವಿರಾರು ಜನ ಓದುವ ಜಾಗ. ಮರ್ಯಾದೆ ಹೇಗೂ ಬುಧವಾರವೇ ಹರಾಜಾಗಿದೆ ಎಂದುಕೊಂಡು ಬರೆದೇಬಿಟ್ಟಳು: "ಮೂರನೇ ಸಾಲು ಸರಿಮಾಡಿದ್ದೇನೆ. ಶನಿವಾರ ಕಣ್ಣು ತೋರಿಸಲು ಅಮ್ಮನನ್ನು ನಾನು ಕರೆದುಕೊಂಡು ಹೋಗುತ್ತೇನೆ."

ಮೂರು ಗಂಟೆ ಕಳೆದ ಮೇಲೆ, ಲಿಸ್ಟಿನಲ್ಲೇ, ಹೆಸರಿಲ್ಲದ, ನಮಸ್ಕಾರವಿಲ್ಲದ ಉತ್ತರ:

"ಒಳಗೆ ತೆಗೆದುಕೊಂಡಿದ್ದೇನೆ. ಹತ್ತು ಗಂಟೆಗೆ. ಡಾಕ್ಟರ ಹಳೇ ಚೀಟಿ ಅತ್ತೆಯ ಕೈಚೀಲದಲ್ಲಿದೆ. ತಡ ಮಾಡಬೇಡ."

ಅದರ ಕೆಳಗೆ ಎಲ್ಲೋ ದೂರದ ದೇಶದ, ಯಾರೂ ಕಂಡಿರದ ಒಬ್ಬ ಪಾಪದ ಪ್ರೋಗ್ರಾಮರ್ ಕೇಳಿದ್ದ: "ಹತ್ತು ಗಂಟೆಯ ವಿಷಯ ಅರ್ಥವಾಗಲಿಲ್ಲ. ಇದು ಯಾವ ಡ್ರೈವರಿಗೆ ಸಂಬಂಧಿಸಿದ್ದು?"

ಕತ್ತರಿ ಅವನಿಗೂ ಉತ್ತರ ಕೊಟ್ಟಿದ್ದ. ಎರಡೇ ಮಾತು:

"ನಿನ್ನದಕ್ಕಲ್ಲ. ಸುಮ್ಮನಿರು."